ಕೊಪ್ಪದ ಮಳೆಯಲ್ಲಿ ಕೇಳಿದ ತಂತೀನಾದ

ಆಷಾಢಮಾಸದಲ್ಲಿ ಮಲೆನಾಡಿನ ಕಡೆಗೆ ಹೊರಟವರನ್ನು ಕಂಡರೆ ಬಯಲುಸೀಮೆಯ ಜನರಿಗೆ ಕನಿಕರವುಂಟಾಗುವುದು ಸಹಜ. ಕಳೆದ ವರ್ಷ ಪುನರ್ವಸು ಮಳೆ ಹಿಡಿದಿದ್ದ ದಿನಗಳಲ್ಲಿ ನಾವು ಒಂದು ಕೈಚೀಲವನ್ನೂ ಒಂದು ಹಳೆಯ ಕೊಡೆಯನ್ನೂ ಹಿಡಿದು ಶಿವಮೊಗ್ಗೆಯ ಬಸ್ಸು ನಿಲ್ದಾಣದಲ್ಲಿ ನಿಂತಿದ್ದೆವು. ಪರಿಚಿತರೊಬ್ಬರು ಎದುರಿಗೆ ಬಂದು, "ಏನು ಮೇಷ್ಟ್ರೆ, ಈ ಮಳೆಯಲ್ಲಿ ಕೊಪ್ಪಕ್ಕೆ? ಆಷಾಢದಲ್ಲಿ ಮದುವೆಯಂತೂ ಇರಲಾರದು. ಯಾರದಾದರೂ ತಿಥಿಯೋ?" ಎಂದು ಕೇಳಿದರು. "ತಿಥಿಯಲ್ಲ, ಸಂಗೀತ ಕೇಳುವುದಕ್ಕೆ" ಎಂದೆವು. ಅವರು ನಮ್ಮ ಮುಖವನ್ನೊಮ್ಮೆ ಆಕಾಶವನ್ನೊಮ್ಮೆ ನೋಡಿ ಸುಮ್ಮನಾದರು. ಯಾವ ಸಂಗೀತವೆಂದು ಅವರು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಉತ್ತರ ಹೇಳುವುದಕ್ಕೆ ನಮಗೇ ಸಂಕೋಚವಾಗುತ್ತಿತ್ತು. ಮೂವತ್ತೈದು ವರ್ಷ ಶಾಲೆಯ ಮಕ್ಕಳಿಗೆ ರಾಮಶಬ್ದವನ್ನೂ ರಘುವಂಶವನ್ನೂ ಪಾಠ ಹೇಳಿದವರು, ಇಂಗ್ಲೆಂಡಿನ ಪಿಟೀಲುಮೇಳದ ಹಳೆಯ ಗ್ರಾಮಫೋನು ತಟ್ಟೆಗಳನ್ನು ಕೇಳುವುದಕ್ಕಾಗಿ ಮಳೆಯಲ್ಲಿ ನೆನೆಯುತ್ತ ಹೊರಟಿದ್ದಾರೆಂದರೆ ಯಾರು ತಾನೆ ನಂಬುವರು?

ಕಾರಣವೇನೆಂದರೆ, ನಮ್ಮ ಹಳೆಯ ಶಿಷ್ಯನೊಬ್ಬನಿಂದ ಒಂದು ಕಾಗದ ಬಂದಿತ್ತು. ಕೊಪ್ಪದಿಂದ ಎರಡು ಮೈಲಿ ಒಳಗೆ ಅವನ ಅಡಕೆಯ ತೋಟ, ಅಜ್ಜನ ಕಾಲದ ಮನೆ. "ಮನೆ ಹಿಸ್ಸೆಯಾಗುತ್ತಿದೆ. ಅಟ್ಟದ ಮೇಲೆ ಅಜ್ಜನ ಗ್ರಾಮಫೋನೂ ತಟ್ಟೆಗಳ ಪೆಟ್ಟಿಗೆಯೂ ಇವೆ. ಬೂಷ್ಟು ಹಿಡಿದಿದೆ. ಗುಜರಿಯವನಿಗೆ ಹಾಕಿಬಿಡೋಣವೆಂದು ಅಣ್ಣ ಹೇಳುತ್ತಾನೆ. ತಾವು ಒಂದು ಸಲ ಬಂದು ಕೇಳಿ, ಇಟ್ಟುಕೊಳ್ಳತಕ್ಕದ್ದೋ ಬಿಡತಕ್ಕದ್ದೋ ಹೇಳಬೇಕು" ಎಂದು ಬರೆದಿದ್ದ. ಅದನ್ನು ಓದಿದ ಮೇಲೆ ಎರಡು ದಿನ ನಮಗೆ ಮನಸ್ಸಮಾಧಾನವಿರಲಿಲ್ಲ. ಆ ಗ್ರಾಮಫೋನಿನ ವಿಷಯದಲ್ಲಿ ನಾವು ಹಳೆಯ ಅಪರಾಧಿಗಳು.

ಮೂವತ್ತು ವರ್ಷದ ಹಿಂದಿನ ಮಾತು. ಆಗ ನಾವು ಆ ಪ್ರಾಂತದ ಶಾಲೆಯೊಂದರಲ್ಲಿ ಸಂಸ್ಕೃತದ ಉಪಾಧ್ಯಾಯರು. ಹುಡುಗ ಎಂಟನೆಯ ತರಗತಿಯಲ್ಲಿದ್ದ. ವಾರ್ಷಿಕೋತ್ಸವಕ್ಕೆಂದು ಉಳಿದ ಮಕ್ಕಳು ಹಾಡು, ನಾಟಕ ಮುಂತಾದುವನ್ನು ಸಿದ್ಧಪಡಿಸುತ್ತಿರಲು, ಇವನು ಅಜ್ಜನ ಗ್ರಾಮಫೋನನ್ನು ಗೋಣಿಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ತಂದು, ತರಗತಿಯ ಮೇಜಿನ ಮೇಲಿಟ್ಟು, ಬಹು ಆಸೆಯಿಂದ ಒಂದು ತಟ್ಟೆಯನ್ನು ಹಾಕಿದ. ನಾವು ಅರ್ಧ ನಿಮಿಷವೂ ಕೇಳಲಿಲ್ಲ. ಮುಳ್ಳನ್ನು ಎತ್ತಿಟ್ಟು, "ಅರುವತ್ತು ಬೆಕ್ಕುಗಳು ಒಂದೇ ಮೀನಿಗಾಗಿ ಜಗಳವಾಡುತ್ತಿರುವಂತಿದೆ" ಎಂದೆವು. ತರಗತಿಯೆಲ್ಲ ನಕ್ಕಿತು. ಚಮತ್ಕಾರದ ಮಾತನ್ನಾಡಿದೆವೆಂದು ನಮಗೂ ಆ ದಿವಸ ಹೆಮ್ಮೆಯಾಗಿರಬೇಕು. ಹುಡುಗ ಮಾತನಾಡದೆ ಗೋಣಿಯನ್ನು ಮತ್ತೆ ಸುತ್ತಿಕೊಂಡು ಹೋದ. ಆಮೇಲೆ ಶಾಲೆಯಲ್ಲಿ ಸಂಗೀತದ ಮಾತನ್ನೇ ಅವನು ಎತ್ತಲಿಲ್ಲ.

ಬಸ್ಸು ತೀರ್ಥಹಳ್ಳಿಗೆ ಬರುವಾಗ ಮಧ್ಯಾಹ್ನ. ಅಲ್ಲಿನ ಕಮಾನು ಸೇತುವೆಯ ಕೆಳಗೆ ತುಂಗೆ ಕೆಂಪುನೀರಾಗಿ, ಬೊಂಬಿನ ಮೆಳೆಗಳನ್ನು ಹೊತ್ತು ಹರಿಯುತ್ತಿದ್ದಳು. ಆ ಸೇತುವೆಗೆ ಜಯಚಾಮರಾಜೇಂದ್ರರ ಹೆಸರಿದೆ. ಆ ಹೆಸರಿನ ಪ್ರಸ್ತಾಪ ಮುಂದೆ ಬರಲಿದೆಯೆಂದು ಆಗ ನಮಗೆ ಹೊಳೆಯಲಿಲ್ಲ. ಅಲ್ಲಿಂದ ಕೊಪ್ಪದ ದಾರಿ ಕುಪ್ಪಳಿಯ ಕಡೆಯ ಕಾಡನ್ನು ಹೊಕ್ಕು ಹೋಗುತ್ತದೆ. ಹಿಂದೆ ಈ ದಾರಿಗಳಲ್ಲಿ ಕಾರ್ಮಿಕರೇ ಒಟ್ಟುಗೂಡಿ 1991ರಲ್ಲಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು ಓಡುತ್ತಿದ್ದುವು. 2020ರಲ್ಲಿ ಅವು ನಿಂತುಹೋದುವು. ನಿರ್ವಾಹಕರು ಪ್ರಯಾಣಿಕರನ್ನು ಹೆಸರು ಹಿಡಿದು ಕೂಗುತ್ತಿದ್ದ ಆ ಬಸ್ಸುಗಳನ್ನು ನೆನೆದು ನಾವೂ ಪಕ್ಕದಲ್ಲಿ ಕುಳಿತಿದ್ದ ವೃದ್ಧರೂ ಸ್ವಲ್ಪ ಹೊತ್ತು ನಿಟ್ಟುಸಿರುಬಿಟ್ಟೆವು.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯು ಕುವೆಂಪು ಅವರು 1904ರಲ್ಲಿ ಹುಟ್ಟಿದ ಊರು. ಅವರ ತಾಯಿಯ ತವರು. ಬೆಳೆದ ಮನೆ ಕುಪ್ಪಳಿಯದು. ಅವರು ತಾರುಣ್ಯದಲ್ಲಿ ಮೊದಲು ಬರೆದದ್ದು ಇಂಗ್ಲಿಷಿನಲ್ಲಿ ಎಂಬುದೂ, ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರು ಕನ್ನಡದಲ್ಲಿ ಬರೆಯುವಂತೆ ಹೇಳಿದರೆಂಬುದೂ ವಾಚಕರಿಗೆ ತಿಳಿದ ವಿಷಯವೇ. ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ನಮ್ಮ ಕಾವ್ಯಕ್ಕೆ ತೆರೆದ ಬಾಗಿಲೂ ಎಲ್ಲರೂ ಬಲ್ಲದ್ದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಕವಿಗಳು ಬೆಟ್ಟ, ಹೊಳೆ, ಕೋಗಿಲೆ, ಒಂಟಿತನ ಇವುಗಳನ್ನು ಕಂಡು ಹಾಡಿದ ರೀತಿ ಹೀಗೆ ಪುಸ್ತಕದ ಮೂಲಕ ನಮ್ಮ ಕಾಡಿನ ಮನೆಗಳಿಗೆ ಬಂತು; ಬಂದು ಕನ್ನಡವೇ ಆಯಿತು. ಅದೇ ಜನರು, ಅದೇ ಹೃದಯಧರ್ಮದಿಂದ, ಪಿಟೀಲಿನ ತಂತಿಗಳಲ್ಲಿ ಹೇಳಿಕೊಂಡದ್ದು ಮಾತ್ರ ಬರಲಿಲ್ಲ. ಕಾವ್ಯವನ್ನು ಭಾಷಾಂತರಿಸಬಹುದು, ನಾದಕ್ಕೆ ಭಾಷಾಂತರವೆಲ್ಲಿ? ಅದನ್ನು ಕೇಳಿಯೇ ತೀರಬೇಕು. ಅರುವತ್ತು ಜನ ವಾದಕರು ಕೊಪ್ಪಕ್ಕೆ ಬರುವಂತಿಲ್ಲ. ಆದಕಾರಣ ಅದು ಬಂದರೆ ತಟ್ಟೆಯ ಮೂಲಕವೇ ಬರಬೇಕು. ತಟ್ಟೆ ಅಟ್ಟವನ್ನೇರಿದರೆ ಅಲ್ಲಿಗೆ ಮುಗಿಯಿತು.

ಕೊಪ್ಪವೆಂದರೆ ಪುಟ್ಟ ಹಳ್ಳಿಯೆಂದೇ ಅರ್ಥ. ಈಗ ತಾಲ್ಲೂಕಿನ ಮುಖ್ಯಪಟ್ಟಣವಾಗಿದ್ದರೂ ಮಳೆಗಾಲದಲ್ಲಿ ಅದು ಹೆಸರಿಗೆ ತಕ್ಕಂತೆ ಕುಗ್ಗಿ ಕುಳಿತಿರುತ್ತದೆ. ಒಂದು ಕಡೆ ತುಂಗೆ, ಇನ್ನೊಂದು ಕಡೆ ಭದ್ರೆ. ತುಂಗೆಯ ದಡದಲ್ಲಿ ಶೃಂಗೇರಿ, ಹರಿಹರಪುರ. ಭದ್ರೆಯ ದಡದಲ್ಲಿ ಬಾಳೆಹೊನ್ನೂರು. ಇವೆರಡು ನದಿಗಳ ನಡುವಣ ಗುಡ್ಡಗಳಲ್ಲಿ ಅಡಕೆ, ಕಾಫಿ, ಮೆಣಸು. ಎಲ್ಲಕ್ಕೂ ಮೇಲೆ ನೀರು. ಅಂಗಡಿಗಳ ಮುಂದೆ ನೀಲಿಯ ಪ್ಲಾಸ್ಟಿಕ್ ಹಾಳೆಗಳು ಇಳಿಬಿದ್ದಿದ್ದುವು. ಹಿಂದಿನ ಕಂಬಳಿಕೊಪ್ಪೆಯಾಗಲಿ ಗದ್ದೆಯ ಹೆಂಗಸರ ಗೊರಬಾಗಲಿ ಒಂದೂ ಕಣ್ಣಿಗೆ ಬೀಳಲಿಲ್ಲ. ಶಿಷ್ಯನು ಬಸ್ಸಿನ ಬಾಗಿಲಿಗೇ ಬಂದು ಚೀಲವನ್ನು ತೆಗೆದುಕೊಂಡು, ಆ ಕೆಸರಿನಲ್ಲಿಯೇ ಕಾಲು ಮುಟ್ಟುವುದಕ್ಕೆ ಬಗ್ಗಿದ. ಬೇಡವೆಂದು ತಡೆದೆವು. ಕಿವಿಯ ಹತ್ತಿರ ಅವನ ಕೂದಲು ನೆರೆತಿತ್ತು.

ಮನೆ ದೊಡ್ಡದು: ಹೆಂಚಿನ ಮಾಡು, ಉದ್ದನೆಯ ಜಗಲಿ, ನಡುವೆ ಅಂಗಳ. ಅಂಗಳದ ನಾಲ್ಕು ಸುತ್ತಿನಿಂದಲೂ ನೀರು ಧಾರೆಗಟ್ಟಿ ಇಳಿಯುತ್ತಿತ್ತು. ಬಚ್ಚಲ ಹಂಡೆಯ ಬಿಸಿನೀರು, ಜೀರಿಗೆಯ ಕಷಾಯ, ಸುಟ್ಟ ಹಲಸಿನ ಹಪ್ಪಳ, ಇವುಗಳ ಉಪಚಾರವನ್ನು ವಿವರಿಸಹೊರಟರೆ ಗೃಹಿಣಿಯರಿಗೆ ಹೊಸದೇನೂ ಸಿಕ್ಕದು. ಮನೆಯಲ್ಲಿ ಶಿಷ್ಯನ ತಾಯಿ, ಅವನ ಪತ್ನಿ, ಹನ್ನೆರಡು ವರ್ಷದ ಮಗಳು, ಮತ್ತು ಹಿಸ್ಸೆಯ ಮಾತಿಗಾಗಿ ಬಂದಿದ್ದ ಅಣ್ಣ. ಈ ಅಣ್ಣನೂ ನಮ್ಮಲ್ಲಿ ಓದಿದವನೇ. ಮೊಮ್ಮಗಳು ಕೊಪ್ಪದಲ್ಲಿ ವಾರಕ್ಕೆರಡು ದಿನ ಪಿಟೀಲು ಪಾಠಕ್ಕೆ ಹೋಗುತ್ತಾಳೆಂದು ಅಜ್ಜಿ ಅಭಿಮಾನದಿಂದ ಹೇಳಿದರು.

ಗ್ರಾಮಫೋನಿನ ಪೂರ್ವವೃತ್ತಾಂತವೂ ಆಗಲೇ ತಿಳಿಯಿತು. ಶಿಷ್ಯನ ಅಜ್ಜ ಬಾಳೆಹೊನ್ನೂರಿನ ಕಡೆಯ ಕಾಫಿ ತೋಟವೊಂದರಲ್ಲಿ ಇಂಗ್ಲಿಷ್ ದೊರೆಯ ಬಳಿ ರೈಟರಾಗಿದ್ದವರು. 1947 ಕಳೆದ ಮೇಲೆ ದೊರೆ ತನ್ನ ದೇಶಕ್ಕೆ ಹೊರಟಾಗ ಮೇಜುಕುರ್ಚಿಗಳನ್ನು ಮಾರಿ, ಗ್ರಾಮಫೋನನ್ನು ಮಾತ್ರ ಮಾರದೆ ರೈಟರ ಕೈಯಲ್ಲಿಟ್ಟನಂತೆ. "ನಮ್ಮ ಮಾವನವರಿಗೆ ಅದರ ಹೆಸರು ದೆಸೆ ಏನೂ ಗೊತ್ತಿರಲಿಲ್ಲ. ಆದರೆ ಮಳೆಗಾಲದಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಒಂದು ಪ್ಲೇಟು ಹಾಕದೆ ಊಟಕ್ಕೆ ಏಳುತ್ತಿರಲಿಲ್ಲ" ಎಂದು ಆ ತಾಯಿ ಹೇಳಿದರು.

ಸಂಜೆಯಾಗುತ್ತಲೆ ಗುಡ್ಡದ ಮೇಲೆಲ್ಲಿಯೋ ಮರ ಬಿದ್ದು ಕರೆಂಟು ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಮೊಬೈಲ್ ದೂರವಾಣಿಗಳೂ ಮೂಕವಾದುವು. ಹೊಸ ಯಂತ್ರಗಳೆಲ್ಲ ಹೀಗೆ ಕೈಚೆಲ್ಲಿ ಕುಳಿತಿರಲು, ಶಿಷ್ಯನು ಲಾಟೀನಿನ ಬೆಳಕಿನಲ್ಲಿ ಗ್ರಾಮಫೋನನ್ನು ಜಗಲಿಗೆ ತಂದಿಟ್ಟು ಕೀ ಕೊಡತೊಡಗಿದ. ಅದಕ್ಕೆ ಕರೆಂಟಿನ ಹಂಗಿಲ್ಲ. ಒಳಗಿನ ಉಕ್ಕಿನ ಸುರುಳಿಯೇ ತಿರುಗಿಸಬೇಕು. ಅಣ್ಣನು ಕಂಬಕ್ಕೊರಗಿ ಎಲೆಯಡಕೆ ಹಾಕಿಕೊಳ್ಳುತ್ತ ನಗುನಗುತ್ತಲೇ, "ಯಾಕೆ ಮೇಷ್ಟ್ರೆ ಇದೆಲ್ಲ ತೊಂದರೆ? ಅರುವತ್ತು ಬೆಕ್ಕಿನ ಜಗಳ ಅಂತ ನೀವೇ ಹೇಳಿದ್ದಿರಲ್ಲ! ನಮ್ಮ ಮನೆಯಲ್ಲಿ ಈ ಪೆಟ್ಟಿಗೆಗೆ ಬೆಕ್ಕಿನ ಪೆಟ್ಟಿಗೆ ಅಂತಲೇ ಹೆಸರು" ಎಂದ.

ಮೂವತ್ತು ವರ್ಷದ ಹಿಂದೆ ಆಡಿ ಮರೆತ ಮಾತು ಆ ಮನೆಯಲ್ಲಿ ಬಾಳಿಕೊಂಡಿತ್ತು. ಬಾಳಿಕೊಂಡದ್ದಲ್ಲದೆ, ಪೆಟ್ಟಿಗೆಯನ್ನು ಗುಜರಿಗೆ ಹಾಕುವುದಕ್ಕೆ ಪ್ರಮಾಣವಾಕ್ಯವೂ ಆಗಿ ನಿಂತಿತ್ತು. ಅಣ್ಣನಲ್ಲಿ ವ್ಯಂಗ್ಯವಿರಲಿಲ್ಲ, ಗುರುವಾಕ್ಯವನ್ನು ಪ್ರೀತಿಯಿಂದಲೇ ಸ್ಮರಿಸುತ್ತಿದ್ದ. ನಾವು ಉತ್ತರ ಕೊಡಲಾರದೆ, "ಮೊದಲು ಕೇಳೋಣ" ಎಂದಷ್ಟೇ ಹೇಳಿ ಪೆಟ್ಟಿಗೆಯ ಹತ್ತಿರ ಹೋಗಿ ಕುಳಿತೆವು.

ಮೇಲಿನ ಕೆಲವು ತಟ್ಟೆಗಳು ಬಿಳಿಯ ಬೂಷ್ಟಿನಿಂದ ಮುಚ್ಚಿದ್ದುವು. ಮನೆಗಳಲ್ಲಿ ಇಂತಹ ತಟ್ಟೆಗಳಿದ್ದರೆ ಸೋದರಿಯರು ಒಂದು ಮಾತನ್ನು ನೆನಪಿಡಬೇಕು: ತಣ್ಣೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ, ನಡುವಿನ ಚೀಟಿಗೆ ನೀರು ತಾಗದಂತೆ ಒರೆಸಬಹುದು, ಸ್ಪಿರಿಟನ್ನು ಮಾತ್ರ ಸರ್ವಥಾ ಮುಟ್ಟಿಸಬಾರದು. ಈ ಹಳೆಯ ತಟ್ಟೆಗಳು ಅರಗಿನವು, ಸ್ಪಿರಿಟು ತಗುಲಿದರೆ ಅರಗು ಕರಗುತ್ತದೆ. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸುವುದು ಒಳ್ಳೆಯದು. ಒಲೆಯ ಕಾವು ತಗುಲಿದರೆ ಹಪ್ಪಳದಂತೆ ಸೊಟ್ಟಗಾಗುತ್ತವೆ.

ಅರಗೆಂದಾಗ ನಮ್ಮ ಹಳೆಯ ವಿದ್ಯೆ ಬಾಯಿ ತೆರೆಯಿತು. ಸಂಸ್ಕೃತದಲ್ಲಿ ಇದಕ್ಕೆ ಲಾಕ್ಷಾ ಎಂದೂ ಜತು ಎಂದೂ ಹೆಸರು. ಪಾಂಡವರನ್ನು ಸುಡುವುದಕ್ಕೆ ಕಟ್ಟಿಸಿದ ಜತುಗೃಹ ಇದರದೇ. ಮುತ್ತುಗ ಮುಂತಾದ ಮರಗಳ ಕೊಂಬೆಗಳಲ್ಲಿ ಸಣ್ಣ ಹುಳುಗಳು ಸ್ರವಿಸುವ ಅಂಟು ಅದು. ಛೋಟಾನಾಗಪುರದ ಕಾಡುಗಳಲ್ಲಿ ಇದನ್ನು ಸಂಗ್ರಹಿಸುವರು. ಈ ಅರಗನ್ನು ಕಲ್ಲಿನ ಪುಡಿ ಮತ್ತು ಕಾಡಿಗೆಯೊಡನೆ ಕಲಸಿ ಬಿಸಿಮಾಡಿ ಒತ್ತಿದರೆ ತಟ್ಟೆ. ವಿನೈಲ್ ಬರುವವರೆಗೆ ಲೋಕದ ಸಂಗೀತವೆಲ್ಲ ಈ ಹುಳುವಿನ ಅಂಟಿನ ಮೇಲೆಯೇ ಕುಳಿತಿತ್ತು. ಲಂಡನ್ನಿನ ಪಿಟೀಲುಗಳ ದನಿ ನಮ್ಮ ಕಾಡಿನ ಅರಗಿನೊಳಗೆ ಅಡಗಿ ಕೊಪ್ಪದ ಅಟ್ಟದಲ್ಲಿ ಮಲಗಿತ್ತೆಂಬುದು ನಮಗೆ ಬಹಳ ರುಚಿಸಿತು. ಆ ಹುಡುಗಿಗೆ ಮಾತ್ರ ಹುಳುವಿನ ಮಾತು ಅಷ್ಟಾಗಿ ರುಚಿಸಲಿಲ್ಲವೆಂದು ಕಾಣುತ್ತದೆ.

ಶಿಷ್ಯನು ಆರಿಸಿದ್ದು ನಾಯಿಯ ಚಿತ್ರವಿದ್ದ ಎರಡು ದೊಡ್ಡ ತಟ್ಟೆಗಳು. ಅವು ಯಾವುವೆಂದು ನಾವು ಕೇಳಲಿಲ್ಲ. ಅಂದು ಗೋಣಿಯಲ್ಲಿ ಬಂದವು ಅವೇ ಎಂದು ಅವನ ಮುಖವೇ ಹೇಳುತ್ತಿತ್ತು. ಎಡ್ವರ್ಡ್ ಎಲ್ಗಾರ್ ಎಂಬ ಇಂಗ್ಲಿಷ್ ವಾಗ್ಗೇಯಕಾರನ 'ಸೆರೆನೇಡ್'. ಪಿಟೀಲು, ಅದಕ್ಕಿಂತ ದಪ್ಪದನಿಯ ವಿಯೋಲಾ, ಮಂಡಿಗಳ ನಡುವೆ ಹಿಡಿದು ಬಾರಿಸುವ ಚೆಲ್ಲೋ, ಆಳೆತ್ತರದ ಡಬಲ್ ಬೇಸ್, ಇವಿಷ್ಟೇ. ಊದುವ ವಾದ್ಯವಾಗಲಿ ಬಡಿಯುವ ವಾದ್ಯವಾಗಲಿ ಇಲ್ಲ. ಅದನ್ನು ಅವನು ರಚಿಸಿದ್ದು 1892ರಲ್ಲಿ.

ಈ ಎಲ್ಗಾರನನ್ನು ಕುರಿತು ನಮಗೆ ಹಿಂದೆ ಇದ್ದ ತಿರಸ್ಕಾರಕ್ಕೆ ಆಧಾರವಿಲ್ಲದೆ ಇರಲಿಲ್ಲ. ಸಾಮ್ರಾಜ್ಯದ ಜಂಬವನ್ನು ಸಾರುವ ಕುಚ್ಚಿನ ಸಂಗೀತವನ್ನು ಅವನು ರಚಿಸಿದ್ದುಂಟು. ದೆಹಲಿಯ ದರ್ಬಾರನ್ನು ಕೊಂಡಾಡಿ 1912ರಲ್ಲಿ 'ಕ್ರೌನ್ ಆಫ್ ಇಂಡಿಯಾ' ಎಂಬುದನ್ನು ಮಾಡಿದ್ದುಂಟು. ಅದನ್ನು ನಾವು ಈಗಲೂ ಮೆಚ್ಚಲಾರೆವು. ಆದರೆ ಮನುಷ್ಯನ ಮೂಲವನ್ನು ನೋಡಿದರೆ ಅವನೂ ನಮ್ಮಂತೆಯೇ ಹಳ್ಳಿಗಾಡಿನವನು. 1857ರಲ್ಲಿ ವೂಸ್ಟರ್ ಪಟ್ಟಣದ ಬಳಿಯ ಹಳ್ಳಿಯಲ್ಲಿ ಹುಟ್ಟಿದ. ತಂದೆ ಪಿಯಾನೋಗಳಿಗೆ ಶ್ರುತಿ ಕೂಡಿಸುವವನು, ವಾದ್ಯಗಳ ಅಂಗಡಿಯವನು. ದೊಡ್ಡ ವಿದ್ಯಾಲಯದ ಶಿಕ್ಷಣವಿಲ್ಲ. ಪಾಠ ಹೇಳಿ, ಮಾನಸಿಕ ರೋಗಿಗಳ ಆಸ್ಪತ್ರೆಯೊಂದರ ಸಿಬ್ಬಂದಿಯ ಮೇಳವನ್ನು ನಡೆಸಿ ಹೊಟ್ಟೆ ಹೊರೆದ. ಅವನ ಬಳಿ 1886ರಲ್ಲಿ ಪಾಠಕ್ಕೆ ಬಂದವಳು ಆಲಿಸ್ ಎಂಬಾಕೆ. ವಯಸ್ಸಿನಲ್ಲಿ ಅವನಿಗಿಂತ ಹಿರಿಯಳು, ಸೇನಾಧಿಕಾರಿಯ ಮಗಳು. ಹುಟ್ಟಿದ್ದು ನಮ್ಮ ಗುಜರಾತಿನ ಭುಜ್ ನಗರದಲ್ಲಿ! 1889ರಲ್ಲಿ ಇವರಿಬ್ಬರ ವಿವಾಹವಾಯಿತು. ಮೂರು ವರ್ಷದ ತರುವಾಯ ಈ ಸೆರೆನೇಡ್ ಸಿದ್ಧವಾಯಿತು. 1920ರಲ್ಲಿ ಆಕೆ ತೀರಿಕೊಂಡ ಮೇಲೆ ಅವನು ದೊಡ್ಡ ಕೃತಿಗಳನ್ನು ರಚಿಸುವುದು ಹೆಚ್ಚುಕಡಿಮೆ ನಿಂತೇಹೋಯಿತು.

ತಟ್ಟೆಯ ಚರಿತ್ರೆ ಇನ್ನೂ ಸ್ವಾರಸ್ಯವಾದುದು. ತನ್ನ ಕೃತಿಗಳನ್ನು ಧ್ವನಿಮುದ್ರಣ ಮಾಡಿಸುವುದರಲ್ಲಿ 1914ರಷ್ಟು ಹಿಂದೆಯೇ ತೊಡಗಿದ ದೊಡ್ಡ ವಾಗ್ಗೇಯಕಾರ ಅವನು. ಲಂಡನ್ನಿನ ಪ್ರಸಿದ್ಧವಾದ ಆಬಿ ರೋಡ್ ಮುದ್ರಣಶಾಲೆಯನ್ನು 1931ರಲ್ಲಿ ಉದ್ಘಾಟಿಸಿದ್ದೂ ಅವನ ಮೇಳದಿಂದಲೇ. ಈ ಸೆರೆನೇಡನ್ನು ಅವನು ಲಂಡನ್ ಫಿಲ್ಹಾರ್ಮೋನಿಕ್ ಮೇಳದಿಂದ ನುಡಿಸಿ ಮುದ್ರಿಸಿದ್ದು 1933ನೆಯ ಇಸವಿ ಆಗಸ್ಟ್ 29ರಂದು, ಕಿಂಗ್ಸ್‌ವೇ ಹಾಲಿನಲ್ಲಿ. ಆಗ ಅವನಿಗೆ 76 ವರ್ಷ. ಮೇಳದ ಮುಂದೆ ನಿಂತು ಅವನು ಮಾಡಿಸಿದ ಮುದ್ರಣಗಳಲ್ಲಿ ಅದೇ ಕೊನೆಯ ದಿನದ್ದು. ಮರುವರ್ಷ ಜನವರಿಯಲ್ಲಿ ಹಾಸಿಗೆ ಹಿಡಿದಿದ್ದಾಗ, ವೂಸ್ಟರಿನ ಅವನ ಕೋಣೆಗೂ ಲಂಡನ್ನಿನ ಮುದ್ರಣಶಾಲೆಗೂ ದೂರವಾಣಿಯ ತಂತಿಯನ್ನು ಜೋಡಿಸಿ, ಅವನು ಮಲಗಿದಲ್ಲಿಂದಲೇ ವಾದಕರಿಗೆ ಸೂಚನೆ ಕೊಡುವಂತೆ ಮಾಡಿದರು. ಫೆಬ್ರವರಿ 23ರಂದು ಅವನು ತೀರಿಹೋದ.

ಮುಳ್ಳನ್ನು ಇಳಿಸಿದಾಗ ಮೊದಲು ಕೇಳಿದ್ದು ಎಣ್ಣೆಯಲ್ಲಿ ಸಾಸಿವೆ ಸಿಡಿಯುವಂತಹ ಸದ್ದು; ಅದು ಹೆಂಚಿನ ಮೇಲಣ ಮಳೆಯ ಸದ್ದಿನೊಡನೆ ಬೆರೆತುಹೋಯಿತು. ಆಮೇಲೆ ತಗ್ಗಿನ ದನಿಯಲ್ಲಿ ವಿಯೋಲಾಗಳು ತೊಟ್ಟಿಲು ತೂಗಿದಂತಹ ಸಣ್ಣದೊಂದು ನಡೆಯನ್ನು ಹಿಡಿದುವು. ಅದರ ಮೇಲೆ ಪಿಟೀಲುಗಳ ರಾಗ ಮೆಲ್ಲನೆ ಬಂದು ಕುಳಿತಿತು. ನಮ್ಮ ಸಂಗೀತದಲ್ಲಿ ಎಲ್ಲರೂ ಒಂದೇ ದಾರಿಯಲ್ಲಿ ನಡೆಯುವರು. ಇಲ್ಲಿ ನಾಲ್ಕೈದು ದಾರಿಗಳು ಏಕಕಾಲದಲ್ಲಿ ನಡೆದು, ದೂರವಾಗಿ, ಮತ್ತೆ ಒಂದೆಡೆ ಸೇರುವುವು. ಹಿಂದೆ ನಮಗೆ ಜಗಳವೆಂದು ತೋರಿದ್ದು ಇದೇ. ಆದರೆ ಆ ಹೊತ್ತು ಅಂಗಳದಲ್ಲಿಯೂ ಹಾಗೆಯೇ ಆಗುತ್ತಿತ್ತಲ್ಲವೆ? ಹೆಂಚಿನ ಮೇಲೆ ಒಂದು ಮಳೆ, ಬಾಳೆಯ ಎಲೆಯ ಮೇಲೊಂದು, ಅಂಗಳದ ಕಲ್ಲಿನ ಮೇಲೊಂದು, ದೂರದಲ್ಲಿ ತೋಟದ ಕಪ್ಪಿನಲ್ಲಿ ತಗ್ಗುದನಿಯ ಹಳ್ಳವೊಂದು. ಇವು ಪರಸ್ಪರ ಜಗಳವಾಡುತ್ತಿವೆಯೆಂದು ಮಲೆನಾಡಿನ ಯಾವ ಮಗುವೂ ಹೇಳದು.

ನಾಲ್ಕು ನಿಮಿಷಕ್ಕೊಮ್ಮೆ ತಟ್ಟೆ ಮುಗಿಯುತ್ತದೆ. ಮಗುಚಬೇಕು, ಮುಳ್ಳನ್ನು ಬದಲಿಸಬೇಕು, ಕೀ ಕೊಡಬೇಕು. ಈ ವಿರಾಮಗಳಲ್ಲಿ ಯಾರೂ ಮಾತನಾಡಲಿಲ್ಲ. ನಡುವಿನ ನಿಧಾನವಾದ ಭಾಗ ಬಂದಾಗ ಶಿಷ್ಯನ ತಾಯಿ ಒಳಗಿನಿಂದ ಬಂದು ಬಾಗಿಲ ಹೊಸ್ತಿಲಲ್ಲಿ ಕುಳಿತರು. ಆ ಭಾಗವನ್ನು ವರ್ಣಿಸುವ ಸಾಹಸ ಮಾಡುವುದಿಲ್ಲ. ದಾಂಪತ್ಯದ ಹೊಸದರಲ್ಲಿ ಮೂವತ್ತೈದರ ಗಂಡಸು ಬರೆದುದನ್ನು, ಹೆಂಡತಿಯನ್ನು ಕಳೆದುಕೊಂಡು ಹದಿಮೂರು ವರ್ಷ ಕಳೆದ ಮುದುಕ ಮತ್ತೆ ನುಡಿಸುತ್ತಿದ್ದಾನೆಂಬುದು ನೆನಪಿದ್ದುದರಿಂದಲೋ ಏನೋ, ನಮಗೆ ಗಂಟಲು ಕಟ್ಟಿತು. ಮೂರು ಮುಖಗಳಲ್ಲಿ ಸೆರೆನೇಡ್ ಮುಗಿಯಿತು. ನಾಲ್ಕನೆಯದರಲ್ಲಿ ಅವನದೇ 'ಎಲಿಜಿ', ಅಗಲಿದವರ ಸ್ಮರಣೆಗೆ ರಚಿಸಿದ ಚಿಕ್ಕ ಕೃತಿ.

ಮುಳ್ಳು ಎದ್ದೊಡನೆ ಹುಡುಗಿ, "ಅಪ್ಪಾ, ಇವರೂ ಜಾರು ಹಿಡೀತಾರೆ!" ಎಂದಳು.

ನಮಗೆ ಆಶ್ಚರ್ಯವಾಯಿತು. ಮಗು ಹೇಳಿದ್ದು ಸತ್ಯ. ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳನ್ನೆತ್ತದೆ ಜಾರಿಕೊಂಡು ಹೋಗುವುದು ನಮ್ಮಲ್ಲಿ ಗಮಕದ ಒಂದು ಬಗೆ. ಆ ಕಾಲದ ಪಾಶ್ಚಾತ್ಯ ವಾದಕರೂ ಧಾರಾಳವಾಗಿ ಹಾಗೆ ಜಾರುತ್ತಿದ್ದರು. ಮುಂದೆ ಅವರಲ್ಲಿ ಅದು ಹಳೆಯ ಚಾಳಿಯೆನಿಸಿ ಬಹುಮಟ್ಟಿಗೆ ಬಿಟ್ಟುಹೋಯಿತು. ಕಾಗದದ ಮೇಲಿನ ಸ್ವರಲಿಪಿಯಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ; ತಟ್ಟೆಯಲ್ಲಿ ಮಾತ್ರ ಉಳಿದಿದೆ. ಎಲ್ಗಾರನು ತನ್ನ ಕೃತಿಯನ್ನು ಹೇಗೆ ಕೇಳಬಯಸಿದನೆಂಬುದಕ್ಕೆ ಸಾಕ್ಷಿ ಈ ಅರಗು. ಇದು ಹೊಳೆದ ಮೇಲೆ ನಮಗೆ ಮಾತನಾಡುವುದು ಸುಲಭವಾಯಿತು. ಅಣ್ಣನ ಕಡೆಗೆ ತಿರುಗಿ, "ನೋಡಪ್ಪ, ಅಂದು ನಾನು ಹೇಳಿದ್ದು ತಪ್ಪು. ಕೇಳದೆ ಹೇಳಿದ ಮಾತು ಅದು. ಹುಡುಗನನ್ನು ನಗೆಗೀಡುಮಾಡಿದ್ದು ಇನ್ನೂ ದೊಡ್ಡ ತಪ್ಪು. ಈ ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ" ಎಂದೆವು. ಶಿಷ್ಯನು ತಲೆ ತಗ್ಗಿಸಿ ಮುಳ್ಳಿನ ಡಬ್ಬಿಯನ್ನು ಮುಚ್ಚುತ್ತಿದ್ದವನು, "ಅಯ್ಯೋ, ಅದೆಲ್ಲ ಯಾಕೆ ಈಗ, ಬಿಡಿ ಮೇಷ್ಟ್ರೆ" ಎಂದ. ಆ ಡಬ್ಬಿಯನ್ನು ಮುಚ್ಚುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಅಣ್ಣನು ಎದ್ದು ಹೊರಗೆ ಎಲೆಯಡಕೆಯನ್ನು ಉಗಿದು ಬಂದು, "ಹಾಗಾದರೆ ಇದು ತಮ್ಮನ ಪಾಲಿಗೇ ಇರಲಿ, ಪಟ್ಟಿಯಲ್ಲಿ ಸೇರಿಸುವುದು ಬೇಡ" ಎಂದ.

ಮರುದಿನ ಮಳೆ ಸ್ವಲ್ಪ ಹಿಂಜರಿದು, ದೂರವಾಣಿಗೆ ಜೀವ ಬಂತು. ಶಿಷ್ಯನು ಅದರಲ್ಲಿ ಗುಸ್ಟಾವ್ ಹೋಲ್ಸ್ಟ್ ಎಂಬುವನ 'ಸೇಂಟ್ ಪಾಲ್ಸ್ ಸೂಟ್' ಎಂಬ ತಂತೀಕೃತಿಯನ್ನು ಕೇಳಿಸಿದ. ಹೋಲ್ಸ್ಟನ ಹೆಸರನ್ನು ನಾವು ಕೇಳಿದ್ದು ಅದೇ ಮೊದಲು. ನಾಚಿಕೆಯ ಮಾತು, ಏಕೆಂದರೆ ಅವನು ನಮ್ಮ ಕುಲದವನೇ. 1905ರಿಂದ 1934ರಲ್ಲಿ ಸಾಯುವವರೆಗೂ ಲಂಡನ್ನಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಈ ಕೃತಿಯೂ ಆ ಶಾಲೆಯ ಮಕ್ಕಳ ಮೇಳಕ್ಕಾಗಿ ರಚಿಸಿದ್ದೇ. ಎಲ್ಲಕ್ಕಿಂತ ಹೆಚ್ಚಾಗಿ, ಅವನು ಸಂಸ್ಕೃತವನ್ನು ಕಲಿತವನು! ಇದ್ದ ಭಾಷಾಂತರಗಳು ಹಿಡಿಸದೆ, ಕೋಶವನ್ನು ಮುಂದಿಟ್ಟುಕೊಂಡು ಋಗ್ವೇದದ ಉಷಸ್ಸು, ವರುಣ, ಅಗ್ನಿ ಮುಂತಾದವರ ಸೂಕ್ತಗಳನ್ನು ತಾನೇ ಇಂಗ್ಲಿಷಿಗೆ ತಂದು ಹಾಡಾಗಿಸಿದ. ಸಾವಿತ್ರಿಯ ಕಥೆಯನ್ನು ಮೂರೇ ಪಾತ್ರಗಳ, ಹನ್ನೆರಡು ವಾದ್ಯಗಳ ಸಂಗೀತನಾಟಕವಾಗಿ 1908ರಲ್ಲಿ ರಚಿಸಿದ. ಮೇಘದೂತವನ್ನು ಮೇಳಗಾನಕ್ಕೆ ಅಳವಡಿಸಿದ. ಅವನ ಮಗಳು ಇಮೋಜೆನ್ ಸಾವಿತ್ರಿಯನ್ನು 1960ರ ದಶಕದಲ್ಲಿ ಮುದ್ರಣ ಮಾಡಿಸಿದಳು. ಮೇಘದೂತವು ತಟ್ಟೆಯ ಭಾಗ್ಯವನ್ನು ಕಾಣಲು 1990 ಬರಬೇಕಾಯಿತು. ಇಂಗ್ಲಿಷ್ ಪಿಟೀಲೆಂದರೆ ನಕ್ಕ ಸಂಸ್ಕೃತದ ಮೇಷ್ಟ್ರು ಇಲ್ಲಿ, ಸಂಸ್ಕೃತಕ್ಕಾಗಿ ಹಗಲಿರುಳು ದುಡಿದ ಇಂಗ್ಲಿಷ್ ಪಿಟೀಲಿನ ಮೇಷ್ಟ್ರು ಅಲ್ಲಿ! ಸೂಟಿನ ಎರಡನೆಯ ಭಾಗದಲ್ಲಿ ಕೆಲವೇ ಸ್ವರಗಳ ಒಂದು ಸುತ್ತು ಮೊದಲಿಂದ ಕಡೆಯವರೆಗೆ ನಿಲ್ಲದೆ ಸುತ್ತುತ್ತದೆ. ಹುಡುಗಿ ತನ್ನ ಪಿಟೀಲನ್ನು ತಂದು, ಚಕ್ಕಲಬಕ್ಕಲ ಹಾಕಿ ಕುಳಿತು ಅದನ್ನು ಹಿಡಿಯುವುದಕ್ಕೆ ನೋಡಿದಳು. ಹತ್ತು ನಿಮಿಷದಲ್ಲಿ ಅರ್ಧ ಹಿಡಿದಳು.

ಎಲ್ಗಾರನ ಸೆರೆನೇಡಿನ ನಂತರದ 'ಇಂಟ್ರೊಡಕ್ಷನ್ ಅಂಡ್ ಅಲೆಗ್ರೊ' ಎಂಬ 1905ರ ಕೃತಿಯನ್ನೂ ಕೇಳಿದೆವು. ಅದನ್ನು 1962ರಲ್ಲಿ ನುಡಿಸಿದವನು ಜಾನ್ ಬಾರ್ಬಿರೋಲಿ. ತಾರುಣ್ಯದಲ್ಲಿ ಚೆಲ್ಲೋ ವಾದಕನಾಗಿ ಎಲ್ಗಾರನೆದುರಿಗೇ ಮೇಳದಲ್ಲಿ ಕುಳಿತಿದ್ದವನು. ಮಳೆಯ ಸದ್ದಾಗಲಿ ಸಾಸಿವೆಯ ಸದ್ದಾಗಲಿ ಇಲ್ಲದ ನಿರ್ಮಲವಾದ ಮುದ್ರಣ. ಬಹಳ ಭವ್ಯವಾಗಿದೆ. ಆದರೂ ನಮ್ಮ ಮನಸ್ಸು ಹಿಂದಿನ ರಾತ್ರಿಯದಕ್ಕೇ ಅಂಟಿಕೊಂಡಿತ್ತು.

ಊಟದ ವೇಳೆಗೆ ಅಣ್ಣನು, "ನಮ್ಮ ಕಡೆಯವರು ಯಾರಾದರೂ ಇದನ್ನು ಕೇಳುತ್ತಿದ್ದರೇ ಮೇಷ್ಟ್ರೆ, ಅಜ್ಜನೊಬ್ಬನೇ ಹುಚ್ಚನೋ?" ಎಂದು ಕೇಳಿದ. ಆಗ ನಮಗೆ ತೀರ್ಥಹಳ್ಳಿಯ ಸೇತುವೆ ನೆನಪಾಯಿತು. ಭದ್ರೆಯ ಕಡೆಯ ನರಸಿಂಹರಾಜಪುರ ಹಿಂದೆ ಎಡೆಹಳ್ಳಿಯಾಗಿತ್ತಷ್ಟೆ. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಅದಕ್ಕಿಟ್ಟರು. ಆ ಯುವರಾಜರ ಪುತ್ರರೇ 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜೇಂದ್ರ ಒಡೆಯರು. ಶ್ರೀವಿದ್ಯಾ ಎಂಬ ಮುದ್ರೆಯಿಂದ 94 ಸಂಸ್ಕೃತ ಕೃತಿಗಳನ್ನು ರಚಿಸಿದ ಈ ಅರಸರು ಪಿಯಾನೋ ನುಡಿಸುತ್ತಿದ್ದರು; ಅವರ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದುವು. ಲಂಡನ್ನಿನಲ್ಲಿ 1945ರಲ್ಲಿ ವಾಲ್ಟರ್ ಲೆಗ್ ಎಂಬಾತನು ಫಿಲ್ಹಾರ್ಮೋನಿಯಾ ಎಂಬ ವಾದ್ಯಮೇಳವನ್ನು ಕಟ್ಟಿದಾಗ, ಅದರ ಕಚೇರಿಗಳ ಸಂಘಕ್ಕೆ ಇವರೇ ಮೊದಲನೆಯ ಅಧ್ಯಕ್ಷರಾಗಿ ಹಣ ಒದಗಿಸಿದರು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ಮೆಟ್ನರ್ ಎಂಬ ವೃದ್ಧ ವಾಗ್ಗೇಯಕಾರನ ಕೃತಿಗಳು ಮುದ್ರಣವಾಗಲೆಂದು ಒಂದು ಸಂಘವನ್ನೇ ಸ್ಥಾಪಿಸಿದರು. ಆತನು ತನ್ನ ಮೂರನೆಯ ಪಿಯಾನೋ ಕಾಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1950ನೆಯ ಇಸವಿ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಹಾಡುಗಳು ಮೊದಲಬಾರಿಗೆ ಹಾಡಲ್ಪಟ್ಟಾಗ ಆ ಕಚೇರಿಯ ವೆಚ್ಚಕ್ಕೆ ಹೊಣೆಯಾಗಿದ್ದವರೂ ಇವರೇ. ತಾವು ಹೋಗಲಾಗದ ಆ ಕಚೇರಿಯನ್ನು ಮೈಸೂರಿನಲ್ಲಿ ಕುಳಿತು ತಟ್ಟೆಯ ಮೂಲಕ ಕೇಳುವ ಏರ್ಪಾಡಾಗಿತ್ತು. ಇದನ್ನು ಕೇಳಿ ಅಣ್ಣನು, "ಅರಮನೆಯಲ್ಲಿ ಅವರು, ಅಟ್ಟದಲ್ಲಿ ನಮ್ಮಜ್ಜ" ಎಂದು ನಕ್ಕು, ಇನ್ನೊಂದು ಸೌಟು ಕಳಲೆಯ ಹುಳಿಯನ್ನು ಹಾಕಿಸಿಕೊಂಡ.

ಮಧ್ಯಾಹ್ನ ಹೊರಡಬೇಕೆಂದಿದ್ದವರನ್ನು ಶಿಷ್ಯನು ತಡೆದ. ತಟ್ಟೆಗಳ ಲಕೋಟೆಗಳೆಲ್ಲ ಗೆದ್ದಲು ತಿಂದು ಪುಡಿಯಾಗಿದ್ದುವು. ಹೊಸ ಕಾಗದದ ಲಕೋಟೆಗಳನ್ನು ಅವನು ಮೊದಲೇ ಮಾಡಿಸಿಟ್ಟಿದ್ದ. "ನಿಮ್ಮ ಅಕ್ಷರದಲ್ಲಿ ಹೆಸರು ಬರೆದುಕೊಡಿ ಮೇಷ್ಟ್ರೆ, ಕನ್ನಡದಲ್ಲಿ. ಇವಳಿಗೂ ಮುಂದಿನವರಿಗೂ ತಿಳಿಯಲಿ" ಎಂದ. ಜಗಲಿಯಲ್ಲಿ ಕುಳಿತು ಬರೆದೆವು. ಅವನು ಒರೆಸಿ ಕೊಡುವನು, ಹುಡುಗಿ ಸವೆದ ಇಂಗ್ಲಿಷ್ ಚೀಟಿಯನ್ನು ಭೂತಗನ್ನಡಿ ಹಿಡಿದು ಓದುವಳು, ನಾವು ಬರೆಯುವೆವು. ಮೂರು ತಟ್ಟೆಗಳು ಸೀಳಿಹೋಗಿದ್ದುವು, ಎರಡರ ಗೆರೆಗಳನ್ನು ಬೂಷ್ಟು ತಿಂದಿತ್ತು. ಹತ್ತೊಂಬತ್ತು ಉಳಿದುವು. ಕೊನೆಯದೊಂದರ ಚೀಟಿ ಎರಡು ಕಡೆಯೂ ಕಿತ್ತುಹೋಗಿತ್ತು. ಹಾಕಿ ನೋಡಿದರೆ ತಂತೀವಾದ್ಯಗಳೇ. ಆದರೆ ಯಾರದೆಂದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಆ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ತಾರೀಖನ್ನು ಮಾತ್ರ ಬರೆದು, ಹೆಸರಿನ ಸ್ಥಳವನ್ನು ಖಾಲಿ ಬಿಟ್ಟು, ನವರಾತ್ರಿಯ ರಜಕ್ಕೆ ಮತ್ತೆ ಬರುವುದಾಗಿ ಹೇಳಿ ಹೊರಟೆವು.